ಎರಡನೆಯ M

ಮೈಲಾರಣ್ಣನನ್ನು ಕೆಲಸದಿಂದ ಮನೆಗೆ ಕಳಿಸಿ ಒಂಬತ್ತು ದಿನವಾಗಿತ್ತು. ತಪ್ಪು ಅವನದಲ್ಲ, ನನ್ನದು ಎಂದು ನನಗೆ ತಿಳಿದದ್ದು ಎಂಟನೆಯ ದಿನ, ಸಂಜೆ ಐದೂಕಾಲಿಗೆ. ತಿಳಿದ ಮೇಲೆ ನಾನು ಕಂಪ್ಯೂಟರ್ ಬಂದ್ ಮಾಡಿದೆ. ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ ಚೀಲದಲ್ಲಿಟ್ಟೆ. ಬಸ್ಸು ಹತ್ತಿ ಪೀರನವಾಡಿಗೆ ಹೋದೆ. ಅವ್ವನಿಗೆ ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲೂ ಇಲ್ಲ. ಏನೂ ಅನ್ನಿಸಲಿಲ್ಲ.

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ನೀರೆತ್ತುವ ಪಂಪುಗಳ ಕಬ್ಬಿಣದ ಕವಚಗಳನ್ನು ಎರಕ ಹೊಯ್ಯುತ್ತಾರೆ. ನಾನು ಅಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡುತ್ತೇನೆ. ಬಿಸಿಎ ಮುಗಿಸಿ ಸೇರಿ ನಾಲ್ಕು ವರ್ಷವಾಯಿತು. ಕುಲುಮೆಯ ಮುಂದೆ ನಿಲ್ಲುವವರು ಮೂವರು: ಯಲ್ಲೇಶ, ನಾಗಲಿಂಗ, ಮೈಲಾರಲಿಂಗ. ಒಮ್ಮೆ ಕುಲುಮೆ ತುಂಬಿ ಕರಗಿಸಿದರೆ ಅದಕ್ಕೆ ಒಂದು ಹೀಟ್ ಎನ್ನುತ್ತಾರೆ. ದಿನಕ್ಕೆ ಹೆಚ್ಚೆಂದರೆ ಹನ್ನೆರಡು ಹೀಟ್. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಮೊದಲು ಅದು ಎಷ್ಟು ಕಾದಿದೆ ಎಂದು ಅಳೆದು, ಅಲ್ಲಿಟ್ಟಿರುವ ಟ್ಯಾಬ್‌ನಲ್ಲಿ ಬರೆಯಬೇಕು. ಕಾವು 1400 ಡಿಗ್ರಿಗಿಂತ ಕಡಿಮೆಯಾದರೆ ಎರಕದೊಳಗೆ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ.

ಪ್ರತಿ ಕವಚದ ಮೇಲೂ ಒಂದು ಗುರುತಿರುತ್ತದೆ. ಮರಳಿನ ಅಚ್ಚಿನೊಳಗೆ ಅಕ್ಷರದ ಸಣ್ಣ ಬಿಲ್ಲೆಗಳನ್ನು ಕೂರಿಸುತ್ತಾರೆ. ಎರಕ ಆರಿದ ಮೇಲೆ ಅವು ಕಬ್ಬಿಣದಲ್ಲಿ ಉಬ್ಬಿ ನಿಲ್ಲುತ್ತವೆ. D14Y03 ಎಂದಿದ್ದರೆ, D ಅಂದರೆ ಏಪ್ರಿಲ್ ತಿಂಗಳು, ಹದಿನಾಲ್ಕು ತಾರೀಖು, Y ಅಂದರೆ ಸುರಿದವನು ಯಲ್ಲೇಶ, ಆ ದಿನದ ಮೂರನೆಯ ಹೀಟ್. ತಿಂಗಳುಗಳಿಗೆ A, B, C ಎಂದು ಹೋಗುತ್ತಾರೆ. I ಮಾತ್ರ ಬಿಡುತ್ತಾರೆ, ಏಕೆಂದರೆ ಮರಳಿನಲ್ಲಿ ಮೂಡಿದ I ಒಂದರ ಹಾಗೆಯೇ ಕಾಣುತ್ತದೆ. I ಬಿಟ್ಟದ್ದರಿಂದ ಡಿಸೆಂಬರ್ L ಆಗದೆ M ಆಗುತ್ತದೆ. ಇದು ನನಗೆ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಈ ಹೊಸ ಪದ್ಧತಿ ಶುರುವಾದಾಗ ಮೂವರನ್ನೂ ಕರೆದು ಅಕ್ಷರ ಕೇಳಿದ್ದೆ. ಮೈಲಾರಣ್ಣ ಹೇಳಿದ್ದ, “ನನ್ನ ಹೆಸರಿಗಿ ಕನ್ನಡದ್ದ ಒಂದ ಮ ಹಾಕ್ರಲಾ ಮ್ಯಾಡಮ್ಮರ. ದುಂಡಗ ಚಂದ ಇರತೈತಿ.”

ಯಲ್ಲೇಶ ನಕ್ಕಿದ್ದ. “ಕನ್ನಡ ಹಾಕಿದ್ರ ಅವ್ರ ಜಗಳಕ್ಕ ಬರ್ತಾರ, ಮರಾಠಿ ಹಾಕಿದ್ರ ಇವ್ರ ಬರ್ತಾರ. ಇಂಗ್ಲಿಷ್ ಹಾಕಿದ್ರ ಇಬ್ರೂ ಮನ್ಯಾಗ ಸುಮ್ನ ಕುಂದರ್ತಾರ. ಅಣ್ಣಾಗ M ಹಾಕ್ರಿ.”

M ಹಾಕಿದೆವು.

ಪುಣೆಯ ಗಿರಾಕಿ ಕವಚದ ಮೇಲಿನ ಗುರುತು ಕಳಿಸಿದರೆ ಆ ಹೀಟಿನ ಕಾವನ್ನು ಹುಡುಕಿ ತೋರಿಸುವ ಪ್ರೋಗ್ರಾಂ ಬರೆದವಳು ನಾನು. ಗುರುತಿನಲ್ಲಿ ಅಕ್ಷರ ಯಾವ ಸ್ಥಾನದಲ್ಲಿದೆ ಎಂದು ಹೇಳುವ ಒಂದು ಸಿದ್ಧ ಆಜ್ಞೆ ಇದೆ. ಅದು ಎಡದಿಂದ ಒಂದೊಂದೇ ಅಕ್ಷರ ನೋಡುತ್ತ ಬರುತ್ತದೆ. ಬೇಕಾದದ್ದು ಸಿಕ್ಕ ಕೂಡಲೇ ನಿಂತು ಆ ಸ್ಥಾನ ಹೇಳುತ್ತದೆ. ಅಲ್ಲಿಂದ ಮುಂದೆ ಮತ್ತೆ ಅದೇ ಅಕ್ಷರ ಇದೆಯೇ ಎಂದು ನೋಡುವುದಿಲ್ಲ. ನೋಡಬೇಕೆಂದರೆ ನಾವೇ ಹೇಳಬೇಕು, ಸಿಕ್ಕ ಜಾಗದ ಮುಂದಿನಿಂದ ಇನ್ನೊಮ್ಮೆ ಹುಡುಕು ಎಂದು. ನಾನು ಹೇಳಿದ್ದು ಇಷ್ಟು: ಮೊದಲು Y ಹುಡುಕು, ಇಲ್ಲದಿದ್ದರೆ N, ಅದೂ ಇಲ್ಲದಿದ್ದರೆ M, ಸಿಕ್ಕ ಅಕ್ಷರದ ಮುಂದಿನ ಅಂಕಿಯೇ ಹೀಟಿನ ನಂಬರು. ನಾಲ್ಕನೆಯ ಸ್ಥಾನ ನೋಡು ಎಂದು ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ಅಚ್ಚಿನವರ ಬಳಿ ಸೊನ್ನೆಯ ಬಿಲ್ಲೆಗಳು ಸದಾ ಕಡಿಮೆ. ಮೂರನೆಯ ತಾರೀಖಿಗೆ 03 ಹಾಕುವ ಬದಲು ಬರೀ 3 ಹಾಕಿಬಿಡುತ್ತಿದ್ದರು. ಸ್ಥಾನ ಹಿಂದೆ ಮುಂದೆ ಆಗುತ್ತಿತ್ತು. ಅದಕ್ಕೇ ಅಕ್ಷರ ಹುಡುಕಿದೆ. ಎಚ್ಚರಿಕೆಯಿಂದ ಮಾಡಿದ್ದೇನೆ ಅಂದುಕೊಂಡಿದ್ದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಂದೂ ತಪ್ಪಲಿಲ್ಲ.

ಜನವರಿಯ ಮೊದಲ ವಾರ ಪುಣೆಯಲ್ಲಿ ಒಂದು ಕವಚ ಸೀಳಿತು. M14M06. ಅವರು ಡಿಸೆಂಬರಿನಲ್ಲಿ ತಮಗೆ ಬಂದ ಅರವತ್ತು ಕವಚಗಳ ಗುರುತು ಕಳಿಸಿ ಕಾವಿನ ದಾಖಲೆ ಕೇಳಿದರು. ಹದಿನೆಂಟಕ್ಕೆ ನನ್ನ ಪ್ರೋಗ್ರಾಂ ‘ದಾಖಲೆ ಇಲ್ಲ’ ಎಂದಿತು. ಹದಿನೆಂಟೂ ಮೈಲಾರಣ್ಣ ಸುರಿದವು. ನಾನು ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಮ್ಯಾನೇಜರಿಗೆ ಕೊಟ್ಟೆ. ಅಳೆಯದೆ ಸುರಿದಿದ್ದಾನೆ ಎಂದು ಅದೇ ದಿನ ಅವನನ್ನು ಮನೆಗೆ ಕಳಿಸಿದರು. “ಬರದೀನ್ರಿ, ನಾ ಬರದೀನಿ” ಎಂದು ಅವನು ಕೂಗುತ್ತಿದ್ದದ್ದು ಆಫೀಸಿನ ಗಾಜಿನ ಈಚೆ ನನಗೆ ಕೇಳುತ್ತಿತ್ತು.

ಎಂಟನೆಯ ದಿನ ಅದೇ ಹದಿನೆಂಟು ಗುರುತುಗಳನ್ನು ಒಂದು ಪತ್ರಕ್ಕಾಗಿ ಮತ್ತೆ ಟೈಪ್ ಮಾಡಬೇಕಾಯಿತು. ಬೆರಳು ಒಂದೇ ಕೀಲಿಗೆ ಎರಡೆರಡು ಸಲ ಹೋಗುತ್ತಿತ್ತು. M ಹದಿನಾಲ್ಕು M ಆರು. M ಹದಿನಾರು M ಎರಡು. ನಿಲ್ಲಿಸಿದೆ. ಮೂಲ ದಾಖಲೆ ತೆರೆದು ಡಿಸೆಂಬರ್ ಹದಿನಾಲ್ಕು, ಆರನೆಯ ಹೀಟ್ ನೋಡಿದೆ. ಇತ್ತು. 1405 ಡಿಗ್ರಿ, ಮೈಲಾರಲಿಂಗ, ಮಧ್ಯಾಹ್ನ ಮೂರು ಹತ್ತು. ಹದಿನೆಂಟೂ ಇದ್ದವು. ಪ್ರೋಗ್ರಾಂ ತಿಂಗಳಿನ M ಹತ್ತಿರ ನಿಂತು, ತಾರೀಖನ್ನೇ ಹೀಟಿನ ನಂಬರೆಂದು ಓದಿ, ಆ ದಿನದ ಹದಿನಾಲ್ಕನೆಯ ಹೀಟನ್ನು ಹುಡುಕಿ, ಅಂಥದ್ದೇ ಇಲ್ಲವೆಂದಿತ್ತು. ಉಳಿದ ಗುರುತುಗಳನ್ನೂ ಟೈಪ್ ಮಾಡಿ ಪತ್ರ ಮುಗಿಸಿಟ್ಟೆ.

ಕಾಲೇಜಿನ ಮೊದಲ ವರ್ಷ ಇದೇ ಪ್ರಶ್ನೆ ಬಂದಿತ್ತು, ಪದವೊಂದರಲ್ಲಿ ಮರಳಿ ಬರುವ ಅಕ್ಷರದ ಸ್ಥಾನ ಕಂಡುಹಿಡಿಯಿರಿ ಎಂದು. ಐದಕ್ಕೆ ಐದು ಅಂಕ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಗೌರೀಶ ಸರ್ ಕರೆದರು. ಮೇಜಿನ ಮೇಲೆ ಆ ಪತ್ರವಿತ್ತು.

“ನಿಖಿತಾ, ನೀವು ಪೀರನವಾಡ್ಯಾಗಲ್ರೀ ಇರೂದು? ಮೈಲಾರಿ ಊರ ಖಾನಾಪುರನೂ ಅದ ರೋಡಿಗೇ ಐತಿ. ಇವತ್ತ ಹೋಗಿ ಇದರ ಮ್ಯಾಲ ಮೈಲಾರಿ ಸಹಿ ತಗೊಂಡ ಬರ್ರಿ. ನಾ ಹ್ವಾದ್ರ ಜಗಳ ಆಗತೈತಿ. ನಿಮ್ಮ ಮ್ಯಾಲ ಅಂವಗ ಮರ್ಯಾದಿ ಐತಿ, ಟ್ಯಾಬ್ ಕಲಿಸಿದವ್ರಲ್ಲ.”

“ಮಾಡೂದಿಲ್ಲ ಅಂದ್ರ, ಸರ್?”

“ಅಂದ್ರ ಅವನ ದಾರಿ ಅಂವಗ. ಮಾಡಿದ್ರ ಫೆಟ್ಲಿಂಗಿಗೆ ಹಾಕೂಣು. ಮನ್ಯಾಗಂತೂ ಕುಂದರೂದಿಲ್ಲ.”

ಫೆಟ್ಲಿಂಗ್ ಅಂದರೆ ಆರಿದ ಎರಕದ ಮರಳು ಕೆತ್ತಿ ಅಂಚು ಉಜ್ಜುವುದು. ಹೊಸದಾಗಿ ಬಂದವರನ್ನು ಅಲ್ಲಿ ನಿಲ್ಲಿಸುತ್ತಾರೆ. ಮೈಲಾರಣ್ಣ ಇಪ್ಪತ್ತೆರಡು ವರ್ಷದಿಂದ ಕುಲುಮೆಯ ಮುಂದಿದ್ದವನು.

ಆಗ ಹೇಳಬಹುದಿತ್ತು. ಬಾಗಿಲು ಹಾಕಿತ್ತು, ಇಬ್ಬರೇ ಇದ್ದೆವು. ನಾನು “ಆಯ್ತು ಸರ್” ಎಂದೆ. ಮಡಿಕೆ ಬೀಳಬಾರದೆಂದು ಪತ್ರವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿದೆ.

ಗೇಟಿನ ಹತ್ತಿರ ಯಲ್ಲೇಶ ಚಹಾದ ಕಪ್ಪು ಹಿಡಿದು ನಿಂತಿದ್ದ. ಹುಬ್ಬಿನ ಮೇಲೆಲ್ಲ ಮಸಿ. “ಮ್ಯಾಡಮ್, ಎರಡೆರಡ ಶಿಫ್ಟ್ ಮಾಡಿ ನಾನ ಎರಕ ಆಗೇನಿ. ನನ್ನ ಬೆನ್ನ ಮ್ಯಾಲೂ ಒಂದ ಗುರುತ ಒತ್ತರಿ, ಕಳದ ಹ್ವಾದ್ರ ಹುಡುಕಾಕ ಬರತೈತಿ.”

ನಗುವ ಮಾತಾದ್ದರಿಂದ ನಕ್ಕೆ.

“ಖರೇ ಹೇಳ್ತೀನಿ,” ಎಂದ ಅವನು, ದನಿ ತಗ್ಗಿಸಿ. “ಮೈಲಾರಣ್ಣ ಬರೀದ ಬಿಡೂ ಮನಷ್ಯಾ ಅಲ್ರಿ. ಅಂವಾ ದಿನಕ್ಕ ಎಷ್ಟ ಬೀಡಿ ಸೇದಿದೆ ಅಂತನೂ ಬರದ ಇಡ್ತಾನ. ಹೆಂಡ್ತಿಗೆ ತೋರಸಾಕ.”

“ಹೌದ್ರಿ?” ಎಂದೆ. ಬಸ್ಸು ಬಂತು.

ಖಾನಾಪುರದವರೆಗೆ ಕಿಟಕಿಯ ಬದಿಯಲ್ಲಿ ಕೂತಿದ್ದೆ. ಏನು ಹೇಳುವುದು ಎಂದು ಯೋಚಿಸಬೇಕಿತ್ತು, ಯೋಚನೆ ಬರಲಿಲ್ಲ. ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ಒಂದು ರಬ್ಬರ್ ಬ್ಯಾಂಡ್ ಹರಿಯುವ ಹಾಗಿತ್ತು; ಅದು ಯಾವಾಗ ಹರಿಯುತ್ತದೋ ಎಂದು ನೋಡುತ್ತಿದ್ದೆ. ನಡುನಡುವೆ ಚೀಲ ತೆರೆದು ಕವರ್ ಇದೆಯೇ ನೋಡಿದೆ. ಕವರಿನ ಪಕ್ಕ ಅವ್ವ ಕೊಟ್ಟಿದ್ದ ಕುಸುರೆಳ್ಳಿನ ಪುಟ್ಟ ಪೊಟ್ಟಣವಿತ್ತು. ಸಂಕ್ರಮಣ ಕಳೆದು ಎರಡೇ ದಿನವಾಗಿತ್ತು. ಯಾರ ಮನೆಗಾದರೂ ಬರಿಗೈಯಲ್ಲಿ ಹೋಗಬಾರದೆಂದು ಅವಳು ನನ್ನ ಚೀಲದಲ್ಲಿ ಒಂದಿಟ್ಟೇ ಇರುತ್ತಾಳೆ.

ಅವನ ಮನೆ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಮರಾಠಿಯಲ್ಲಿ ದಾರಿ ಕೇಳಿದೆ. ಬಟ್ಟೆ ಹರವುತ್ತಿದ್ದ ಹೆಂಗಸೊಬ್ಬಳು “ಭಟ್ಟಿಯವನ ಮನೆಯಾ?” ಎಂದು ಮರಾಠಿಯಲ್ಲೇ ಕೇಳಿ ಕೈತೋರಿದಳು. ಊರಿನಲ್ಲಿ ಅವನಿಗೆ ಅದೇ ಹೆಸರು, ಕುಲುಮೆಯವನು.

ಅವನ ಹೆಂಡತಿ ಭೀಮಕ್ಕ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಎದ್ದಳು, ಮಡಿಲಿನ ಸಿಪ್ಪೆಯೆಲ್ಲ ಕೆಳಗೆ ಬಿತ್ತು. “ಬರ್ರಿ, ಬರ್ರಿ, ಕುಂದರ್ರಿ. ಕರಿಯಾಕ ಬಂದೀರೇನು?” ಒಳಗೆ ತಿರುಗಿ ಕೂಗಿದಳು, “ಏನ್ರೀ, ಫೌಂಡ್ರಿಯಿಂದ ಬಂದಾರ!”

ನಾನು ಪೊಟ್ಟಣ ತೆಗೆದೆ. ಅವಳು ಕೈ ಹಿಂದೆ ಸರಿಸಿದಳು. “ಬ್ಯಾಡ ಯವ್ವಾ. ಈ ವರ್ಷ ನಮಗ ಹಬ್ಬ ಇಲ್ಲ. ನಮ್ಮ ದೊಡ್ಡ ಭಾವ ಹ್ವಾದ್ರಲ್ಲ, ಡಿಸೆಂಬರ ಹತ್ತಕ್ಕ.”

ನನಗೆ ಗೊತ್ತಿರಲಿಲ್ಲ. ಹಾಜರಿಯ ಪಟ್ಟಿಯಲ್ಲಿ ಅವನಿಗೆ ಹನ್ನೊಂದು, ಹನ್ನೆರಡು ಎರಡು ದಿನ ರಜೆ ಎಂದಷ್ಟೇ ಇತ್ತು. ಪೊಟ್ಟಣವನ್ನು ಚೀಲಕ್ಕೆ ಹಾಕಿದೆ.

ಮೈಲಾರಣ್ಣ ಒಳಗಿನಿಂದ ಬಂದ. ಒಂಬತ್ತು ದಿನದಲ್ಲಿ ಮುಖದ ಕೆಂಪು ಇಳಿದಿತ್ತು; ಕುಲುಮೆಯ ಬೆಳಕಿಲ್ಲದೆ ಅವನನ್ನು ನಾನು ನೋಡಿದ್ದೇ ಇಲ್ಲ. “ಮ್ಯಾಡಮ್ಮರ, ನೀವ ಬಂದ್ರಿ?” ಎಂದು ಎದುರಿಗೆ ಕೂತ. ನಾನು ಪತ್ರ ಕೊಟ್ಟೆ. ಅವನು ಏಳನೆಯ ಇಯತ್ತೆ ಓದಿದವನು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ದನಿ ತೆಗೆದು ಓದಿದ.

“‘ಕೆಳಗೆ ತೋರಿಸಿದ ಹದಿನೆಂಟು ಹೀಟ್‌ಗಳ ಕಾವನ್ನು ನಾನು ಅಳೆಯದೆ, ದಾಖಲಿಸದೆ ಎರಕ ಸುರಿದಿರುತ್ತೇನೆ. ಇದು ನನ್ನ ತಪ್ಪು. ಮುಂದೆ ಸಂಸ್ಥೆ ಕೊಡುವ ಬೇರೆ ಕೆಲಸಕ್ಕೆ ಒಪ್ಪಿರುತ್ತೇನೆ.’” ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ. “ಬ್ಯಾರೆ ಕೆಲಸ ಅಂದ್ರ?”

“ಫೆಟ್ಲಿಂಗ್.”

“ಹೂಂ.” ಬೆರಳು ಗುರುತುಗಳ ಮೇಲೆ ಇಳಿಯಿತು. “ಇವೆಲ್ಲಾ ಹದಿಮೂರರಿಂದ ಮ್ಯಾಲಿನವ ಅದಾವ ನೋಡ್ರಿ.”

ಯಾರೂ ಅದನ್ನು ಗಮನಿಸಿರಲಿಲ್ಲ. ನಾನೂ ನಿನ್ನೆಯವರೆಗೆ ಗಮನಿಸಿರಲಿಲ್ಲ. ಈಗ ಅವನೇ ಹಿಡಿದುಬಿಡುತ್ತಾನೆ ಎಂದುಕೊಂಡೆ. ಹಿಡಿದರೆ ನಾನು ಹೇಳುವ ಕೆಲಸ ತಪ್ಪುತ್ತದೆ.

“ಅಣ್ಣ ಹತ್ತಕ್ಕ ಹ್ವಾದ,” ಎಂದ ಅವನು. “ಮೂರ ದಿನದ್ದ ಮುಗಿಸಿ ನಾ ಹದಿಮೂರಕ್ಕ ಕೆಲಸಕ್ಕ ಬಂದೆ. ಯಲ್ಲೇಶ, ನಾಗಲಿಂಗ ಇಬ್ಬರ ಆಗ್ಯಾರ ಅಂತ. ಸಾಹೇಬರ ಮುಂದ ಬರದೀನಿ ಬರದೀನಿ ಅಂತ ಒದರಾಡಿದೆ. ಆಮ್ಯಾಲ ಮನಿಗಿ ಬಂದ ವಿಚಾರ ಮಾಡಿದೆ. ಆ ದಿನಾ ಏನ ಉಂಡೆ, ನೆನಪಿಲ್ಲ. ಯಾವ ಬಸ್ಸ ಹತ್ತಿದೆ, ನೆನಪಿಲ್ಲ. ಬರದದ್ದ ಹೆಂಗ ನೆನಪಿರತೈತಿ? ರೂಢಿ ಮ್ಯಾಲ ಬರದೀನಿ ಅನಿಸ್ತೈತಿ, ಅಷ್ಟ. ನನ್ನ ತಲಿ ಜಾಗಾದಾಗ ಇರಲಿಲ್ಲ ಮ್ಯಾಡಮ್ಮರ. ಮಷಿನ್‌ಗೇನ ನನ್ನ ಮ್ಯಾಲ ಹಗಿ ಐತೇನು, ಸುಳ್ಳ ಹೇಳಾಕ?”

“ದಿನಾ ಇದ ಮಾತು,” ಎಂದಳು ಭೀಮಕ್ಕ. “ಹಾಲ ಉಕ್ಕಿದ್ರ, ನೋಡ, ನನ್ನ ತಲಿ ಹ್ವಾತು ಅಂತಾನ. ಮೊನ್ನೆ ಕೀಲಿ ತಂದ ನನ್ನ ಕೈಯಾಗ ಕೊಟ್ಟ, ನೀನ ಇಟ್ಕೊ, ನನ್ನ ಮ್ಯಾಲ ನಂಬಿಗಿ ಇಲ್ಲ ಅಂತ. ಐವತ್ತೂ ತುಂಬಿಲ್ಲ ಇನ್ನ.”

“ಖರೇನ ಅಲ್ಲೇನು?” ಎಂದ ಅವನು ಹೆಂಡತಿಗೆ. ಆಮೇಲೆ ನನ್ನ ಕಡೆ ಕೈ ಚಾಚಿದ. “ಪೆನ್ನ ಐತೇನ್ರಿ?”

ಚೀಲದ ಸಣ್ಣ ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತವೆ. ಒಂದನ್ನು ಕೊಟ್ಟೆ. ಅವನು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡ, ಸರಿಯಾಗಲಿಲ್ಲವೆಂದು ನೆಲದ ಮೇಲೆ ಇಟ್ಟ. “ಎಲ್ಲಿ ಮಾಡ್ಲಿ?” ಎಂದ. ನಾನು ಬೆರಳಿಟ್ಟು ಜಾಗ ತೋರಿಸಿದೆ. ಇದನ್ನು ಬರೆಯುವಾಗ ಬಿಟ್ಟುಬಿಡಬಹುದಿತ್ತು. ಆದರೆ ತೋರಿಸಿದ್ದು ಹೌದು.

ಅವನು ಹೆಸರಿನ ಮೊದಲ ಅಕ್ಷರ ಬರೆಯಲು ಬಾಗಿದಾಗ ನನ್ನ ಬೆರಳು ಇನ್ನೂ ಅಲ್ಲೇ ಇತ್ತು. ತೆಗೆಯಲಿಲ್ಲ. ಅವನು ಕಾದ. ತಲೆಯೆತ್ತಿ ನೋಡಿದ.

“ಮೈಲಾರಣ್ಣ,” ಎಂದೆ, “ನೀವು ಬರದೀರಿ.”

“ಏನ್ರಿ?”

“ಹದಿನೆಂಟೂ ಬರದೀರಿ. ನಾ ನೋಡೀನಿ. ತಪ್ಪು ನಂದು.”

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಪಟ್ಟಿಯಲ್ಲಿನ ಒಂದು ಗುರುತು ತೋರಿಸಿದೆ. ದನಿ ನನ್ನದೇ, ಆದರೆ ಯಾರೋ ಓದಿ ಹೇಳುತ್ತಿರುವ ಹಾಗೆ ಸಮವಾಗಿತ್ತು. “ಇದ ನೋಡ್ರಿ. M14M06. ಇದರಾಗ M ಎಷ್ಟ ಅದಾವ?”

“ಎರಡ.”

“ಮೊದಲನೇದು ಯಾವದು?”

“ಡಿಸೆಂಬರ.”

“ಎರಡನೇದು?”

“ನಾನು.”

“M ಹುಡುಕು, ಅದರ ಮುಂದಿನ ಅಂಕಿ ಓದು ಅಂತ ನಾ ಕಂಪ್ಯೂಟರಿಗೆ ಹೇಳಿದ್ದೆ. ಅದು ಮೊದಲ ಸಿಕ್ಕ M ಹಂತೇಕ ನಿಂತ ಬಿಡತು. ಎರಡನೇದಕ್ಕ ಹೋಗಲಿಲ್ಲ. ಹೋಗು ಅಂತ ನಾ ಹೇಳಿರಲಿಲ್ಲ. ಹದಿನಾಲ್ಕನೇ ಹೀಟ್ ಹುಡುಕತು.”

“ಹದಿನಾಲ್ಕನೇ ಹೀಟ್ ಎಲ್ಲಿಂದ ಬರಬೇಕ್ರಿ? ದಿನಕ್ಕ ಹನ್ನೆರಡರ ಮ್ಯಾಲ ಯಾರಪ್ಪನ ಕೈಲೂ ಆಗೂದಿಲ್ಲ.”

“ಅದಕ್ಕ ದಾಖಲೆ ಇಲ್ಲ ಅಂತು.”

ಅವನು ಹಾಳೆ ನೋಡಿದ. “ಅಂದ್ರ ಬಾಜೂ ಮನಿ ಬಾಗಲಾ ಬಡದು, ಮೈಲಾರಿ ಇಲ್ಲ ಅಂತ ಹೋದಂಗ ಆತು.”

“ಹೌದ್ರಿ. ತಿಂಗಳ ಮೊದಲ ಹತ್ತ ದಿನಾ ಬಡದ ಬಾಗಲಾ ತಗದಾರ, ಬ್ಯಾರೆಯವರು. ನಿಮ್ಮ ಹೀಟಿಗೆ ಬ್ಯಾರೆ ಹೀಟಿನ ಕಾವು ತೋರಿಸೈತಿ. ಅಂಕಿ ಬಂತಲ್ಲ ಅಂತ ಯಾರೂ ಕೇಳಲಿಲ್ಲ. ಅವು ಐದು. ಅವೂ ತಪ್ಪ.”

ಭೀಮಕ್ಕ ಕೇಳಿದಳು, “ಇದ ನಿಮಗ ಯಾವಾಗ ಗೊತ್ತಾತು?”

“ನಿನ್ನೆ ಸಂಜಿಕ.”

“ಗೊತ್ತಾಗಿ ಪೆನ್ನ ಕೊಟ್ಟಿ?”

ಬಹುವಚನ ಹೋಗಿತ್ತು. “ಹೌದು,” ಎಂದೆ. ಅವಳ ಕಡೆ ನೋಡದೆ ನಾನು ಫೋನಿನಲ್ಲಿ ದಾಖಲೆ ತೆರೆದೆ.

ಮೈಲಾರಣ್ಣ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ನನಗೇ ಕೊಟ್ಟ. “ನೀವ ಓದ್ರಿ. ಹದಿನಾರನೇ ತಾರೀಖಿಂದ ಎಷ್ಟೈತಿ, ಎರಡನೇ ಹೀಟು?”

“1390. ಅದರ ಕೆಳಗ ಇನ್ನೊಂದ ಐತಿ, ಹನ್ನೆರಡ ನಿಮಿಷ ಆದ ಮ್ಯಾಲ, 1410.”

“ಹಾಂ!” ಎಂದ. “ಆವತ್ತ ಮೊದಲ ಕಾವ ಕಡಿಮಿ ಬಂತು. ನಾಗಲಿಂಗ ಸುರಿ ಸುರಿ ಅಂತ ಗಂಟ ಬಿದ್ದಿದ್ದ. ನಾ ತಡಿ ಅಂದೆ. ಮತ್ತ ಕಾಸಿ ಮತ್ತ ಅಳದೆ. ನೆನಪ ಐತಿ. ಐತಿ ನೆನಪ!” ಹೆಂಡತಿಯ ಕಡೆ ತಿರುಗಿದ. “ಕೇಳಿದೇನ? ನನ್ನ ತಲಿ ಸರಿ ಐತಿ.”

“ನಾ ಯಾವಾಗ ಇಲ್ಲಂದೆ?” ಎಂದಳು ಭೀಮಕ್ಕ. ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ಹೋದಳು.

ನಾನು ಅಲ್ಲಿಂದಲೇ ಗೌರೀಶ ಸರ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು ಒಂದು ನಿಮಿಷ ಎಂದು ಎಲ್ಲೋ ಬದಿಗೆ ಹೋಗಿ ಬಾಗಿಲು ಹಾಕಿದ ಸದ್ದಾಯಿತು.

“ಅಂವಗ ಹೇಳಿಬಿಟ್ರೇನು?”

“ಹೇಳೀನಿ ಸರ್.”

“ಮೊದಲ ನನಗ ಹೇಳೂದಲ್ಲೇನ್ರೀ? ಪುಣೆದವ್ರಿಗೆ ನಮ್ಮ ಪ್ರೋಗ್ರಾಮ್ ತಪ್ಪ ಅಂದ್ರ ಇಡೀ ವರ್ಷದ ದಾಖಲೆ ಮ್ಯಾಲ ಸಂಶೆ ಪಡ್ತಾರ. ಒಬ್ಬ ಮನಷ್ಯಾ ತಪ್ಪಿದ ಅಂದ್ರ ಒಬ್ಬಂವಂದ ಅಷ್ಟ. ನೀವ ಸುಮ್ಮನ ಅದನ್ನ ಸರಿ ಮಾಡ್ರಿ. ಅಂವಾ ಸಹಿ ಮಾಡ್ಲಿ. ಎರಡ ತಿಂಗಳ ಫೆಟ್ಲಿಂಗಿನ್ಯಾಗ ಇರ್ಲಿ, ಆಮ್ಯಾಲ ಕುಲಮಿಗೇ ತಗೊಳ್ಳೂಣು. ನಿಮ್ಮ ಹೆಸರೂ ಎಲ್ಲೂ ಬರೂದಿಲ್ಲ. ತಿಳೀತಲ್ಲ?”

“ತಿಳೀತು ಸರ್.”

ಫೋನ್ ಇಟ್ಟು ಅವರು ಹೇಳಿದ್ದನ್ನು ಒಂದು ಮಾತೂ ಬಿಡದೆ ಇಬ್ಬರಿಗೂ ಹೇಳಿದೆ. ನನ್ನ ಹೆಸರು ಬರುವುದಿಲ್ಲ ಎಂಬುದನ್ನೂ ಹೇಳಿದೆ.

ಮೈಲಾರಣ್ಣ ಪೆನ್ನು ಕೈಗೆತ್ತಿಕೊಂಡ. “ಎರಡ ತಿಂಗಳ ಅಂದ್ರ ಹೋಗ್ಲಿ ಬಿಡ್ರಿ. ನನಗ ಗೊತ್ತಾತಲ್ಲ, ಸಾಕು. ನಿಮ್ಮ ನೌಕರೀಗೂ ಧಕ್ಕಿ ಬ್ಯಾಡ. ನೀವ ಬೇಕಂತ ಮಾಡಿದ್ದೇನಲ್ಲ.”

“ಇಡ ಅದನ್ನ,” ಎಂದಳು ಭೀಮಕ್ಕ, ಒಲೆಯ ಹತ್ತಿರದಿಂದಲೇ. “ಬರದಂವಾ ಬರದಿಲ್ಲಂತ ಬರಕೊಡ್ತಾನಂತ! ನಾಳಿ ಯಾವ ಊರಾಗ ಯಾವ ಪಂಪ್ ಒಡದ್ರೂ ಈ ಹಾಳಿ ತಗದ ತೋರಸ್ತಾರ, ಇಂವಾ ಮೊದಲಿಂದ ಹಿಂಗ ಅಂತ. ಆವಾಗ ಈ ಮ್ಯಾಡಮ್ಮರ ಬರ್ತಾರೇನು ಹೇಳಾಕ?”

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ನನ್ನನ್ನು ನೋಡಲಿಲ್ಲ. ಅವಳೂ ನೋಡಲಿಲ್ಲ. ಅವಳು ಹಿಟ್ಟು ನಾದುತ್ತಿದ್ದಳು. ಇನ್ನು ಇದನ್ನು ಬೇರೆ ಯಾರೂ ಮಾಡುವುದಿಲ್ಲ ಎಂಬುದು ನನಗೆ ಅರ್ಥವಾಯಿತು. ಧೈರ್ಯ ಬಂತು ಎನ್ನಲಾರೆ. ಬೇರೆ ಯಾರೂ ಇರಲಿಲ್ಲ, ಅಷ್ಟೇ.

ಪ್ರತಿ ವಾರ ಪುಣೆಗೆ ವರದಿ ಕಳಿಸುವವಳು ನಾನೇ. ಅವರ ಗುಣಮಟ್ಟ ವಿಭಾಗದ ವಿಳಾಸ ಫೋನಿನಲ್ಲಿತ್ತು. ಬಾಗಿಲ ಬಳಿ ಬೆಳಕಿಗೆ ಕೂತು ಬರೆದೆ. ಡಿಸೆಂಬರಿನ ಇಪ್ಪತ್ತಮೂರು ಕವಚಗಳ ದಾಖಲೆಯನ್ನು ತಮಗೆ ತಪ್ಪಾಗಿ ಕಳಿಸಲಾಗಿದೆ. ಮೈಲಾರಲಿಂಗ ಅವರು ಎಲ್ಲ ಹೀಟ್‌ಗಳ ಕಾವನ್ನು ಅಳೆದು ಅದೇ ಸಮಯಕ್ಕೆ ಬರೆದಿದ್ದಾರೆ. ಸರಿಯಾದ ಪಟ್ಟಿ ಕೆಳಗಿದೆ. ತಿಂಗಳಿನ ಅಕ್ಷರವೂ ಅವರ ಅಕ್ಷರವೂ ಒಂದೇ ಆದಾಗ ಪ್ರೋಗ್ರಾಂ ಎರಡನೆಯದನ್ನು ನೋಡುವುದಿಲ್ಲ. ಬೇರೆ ತಿಂಗಳುಗಳಲ್ಲಿ ಹೀಗಾಗುವ ಸಾಧ್ಯತೆ ಇಲ್ಲ, ಆದರೂ ಎಲ್ಲವನ್ನೂ ಮತ್ತೆ ತಾಳೆ ನೋಡಿ ತಿಳಿಸುತ್ತೇನೆ. M14M06 ಕವಚ ಸೀಳಿದ್ದಕ್ಕೆ ಕಾವು ಕಾರಣವಲ್ಲ, ಬೇರೆ ಕಾರಣ ಹುಡುಕಬೇಕು. ಮೊದಲು ‘ತಾಂತ್ರಿಕ ದೋಷ’ ಎಂದು ಬರೆದಿದ್ದೆ. ಅಳಿಸಿ ‘ಪ್ರೋಗ್ರಾಂ ಬರೆದ ನನ್ನ ತಪ್ಪು’ ಎಂದು ಹಾಕಿದೆ. ಪಟ್ಟಿಯ ಒಂದೊಂದು ಸಾಲನ್ನೂ ಮೈಲಾರಣ್ಣನಿಗೆ ಓದಿ ಹೇಳಿದೆ. ಅವನು ಪ್ರತಿಯೊಂದಕ್ಕೂ ಹೂಂ ಎಂದ. ಗೌರೀಶ ಸರ್‌ಗೂ ಒಂದು ಪ್ರತಿ ಹೋಗುವ ಹಾಗೆ ಮಾಡಿ, ನಾಲ್ಕು ಸಲ ಓದಿ ಕಳಿಸಿದೆ.

ಕಳಿಸಿದ ಮೇಲೆ ಮನಸ್ಸು ಹಗುರಾಗುತ್ತದೇನೋ ಎಂದು ಕಾದೆ. ಆಗಲಿಲ್ಲ. ಓಣಿಯಲ್ಲಿ ಯಾರೋ ಹಂಚು ಇಳಿಸುತ್ತಿದ್ದರು.

“ನಿಮ್ಮ ಹೆಸರ ಹಾಕೀರೇನ್ರಿ ಅದರಾಗ?” ಎಂದ ಮೈಲಾರಣ್ಣ.

“ಹಾಕೀನಿ.”

ಅವನು ಪತ್ರವನ್ನು ಮತ್ತೆ ಪ್ಲಾಸ್ಟಿಕ್ ಕವರಿನೊಳಗೆ ಜಾಗರೂಕತೆಯಿಂದ ಸೇರಿಸಿ ನನಗೆ ಕೊಟ್ಟ. “ಇದ ಅವ್ರದ. ಅವ್ರಿಗೆ ಕೊಡ್ರಿ.”

ಭೀಮಕ್ಕ ಮೂರು ತಾಟು ಹಾಕಿದಳು. ನಾನು ಬೇಡವೆಂದೆ. “ಹೊತ್ತ ಎಷ್ಟಾಗೈತಿ ನೋಡಿ ಮಾತಾಡು,” ಎಂದಳು. ಸಿಟ್ಟು ದನಿಯಲ್ಲಿ ಇನ್ನೂ ಇತ್ತು. ರೊಟ್ಟಿ, ಬದನೆಕಾಯಿ ಪಲ್ಯ. ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಫೋನ್ ಬಂತು. ಗೌರೀಶ ಸರ್ ಎಂಬ ಹೆಸರು ಪರದೆಯ ಮೇಲೆ ಬೆಳಗುತ್ತಿತ್ತು. ಎಡಗೈಯಲ್ಲಿ ಎತ್ತಿದೆ.

ಅವರು ಕೂಗಾಡಲಿಲ್ಲ. “ಪುಣೆದವ್ರ ಫೋನ್ ಬಂದಿತ್ತು,” ಎಂದರು. “ಮೈಲಾರೀನ್ನ ನಾಳಿ ಫಸ್ಟ್ ಶಿಫ್ಟಿಗೆ ಬರಾಕ ಹೇಳ್ರಿ. ಕುಲಮಿಗೇ.” ತುಸು ತಡೆದು, “ನೀವ ಬರಬ್ಯಾಡ್ರಿ. ನಾ ಹೇಳೂತನಕ.”

“ಆಯ್ತು ಸರ್,” ಎಂದೆ.

ಇಬ್ಬರೂ ಕೈ ತಡೆದು ಕೂತಿದ್ದರು.

“ನಾಳೆ ಫಸ್ಟ್ ಶಿಫ್ಟಿಗೆ ಬರಬೇಕಂತ, ಮೈಲಾರಣ್ಣ. ಕುಲಮಿಗೇ.”

ಅವನು ತಾಟಿನಲ್ಲಿದ್ದ ತುತ್ತು ಬಾಯಿಗಿಟ್ಟ, ಅಗಿದ, ನುಂಗಿದ. ಆಮೇಲೆ ಹೆಂಡತಿಗೆ, “ಮುಂಜಾನೆ ಐದರ ಬಸ್ಸಿಗೆ ಎಬ್ಬಸು” ಎಂದ.

ಭೀಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. “ಮತ್ತ ನಿನಗ?”

“ನನಗ ರಜಾ ಕೊಟ್ಟಾರ.”

“ಎಷ್ಟ ದಿನಾ?”

“ಹೇಳಿಲ್ಲ.”

ಅವಳು ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು, ನಾನು ಸಾಕೆನ್ನುವ ಮೊದಲೇ ನನ್ನ ತಾಟಿಗೆ ಹಾಕಿದಳು.